ಪ್ರಾಣವೂ ಆರೋಗ್ಯವೂ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ನಾಡಿನಲ್ಲಿ ಬಹಳ ಹಳೆಯದು. ಬೆಳಗಾವಿಗೂ ಗೋಕಾಕಕ್ಕೂ ನಡುವೆ ಇರುವ ನಮ್ಮ ಅಂಕಲಗಿಯಲ್ಲಿ ಬಾಣಂತಿಯನ್ನು ನೋಡಬಂದ ಹಿರಿಯ ಹೆಂಗಸರು ಕೂಸಿನ ಮುಖ ನೋಡುವುದಕ್ಕಿಂತ ಮೊದಲು ತಾಯಿಯ ಹಣೆಯನ್ನು ಮುಟ್ಟಿ, "ಪಾರಾದಿ ನಮ್ಮವ್ವಾ" ಎನ್ನುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹಣೆ ಮುಟ್ಟುವುದು ಹರಕೆಗಾಗಿ ಎಂದು ಆಗ ತಿಳಿದಿದ್ದೆ. ಮೈ ಕಾದಿದೆಯೋ ತಣ್ಣಗಿದೆಯೋ ಎಂಬುದನ್ನು ಅವರು ನೋಡುತ್ತಿದ್ದರು ಎಂಬುದು ನನಗೆ ತಿಳಿದದ್ದು ನನ್ನ ಸೋದರತ್ತೆ ತೀರಿಕೊಂಡಾಗ.

ಅದು 1961ನೆಯ ಇಸವಿ. ಅತ್ತೆ ಐದು ಮಕ್ಕಳ ತಾಯಿ. ವಯಸ್ಸು ಮೂವತ್ತು ತುಂಬಿರಲಿಲ್ಲ. ಎಳವೆಯಲ್ಲಿ ಕೀಲುಬೇನೆಯ ಜ್ವರ ಬಂದು ಹೃದಯದ ಕವಾಟ ಕೆಟ್ಟಿದ್ದಿತು. ನೀರು ಹೊತ್ತು ಮೆಟ್ಟಿಲೇರಿದರೆ ಉಸಿರು ಹತ್ತುತ್ತಿರಲಿಲ್ಲ. ಐದನೆಯ ಹೆರಿಗೆಯಾದ ಮೇಲೆ ಪೇಟೆಯ ಡಾಕ್ಟರೊಬ್ಬರು ಇನ್ನೊಂದು ಬಸಿರು ಕೂಡದೆಂದು ಮಾವನಿಗೆ ಎಚ್ಚರಿಕೆ ಹೇಳಿ ಕಳುಹಿಸಿದ್ದರು. ಆದರೂ ಆರನೆಯ ಬಸಿರು ನಿಂತಿತು. ಅಜ್ಜಿ ಮಗಳನ್ನು ಕರೆದುಕೊಂಡು ಅದೇ ಡಾಕ್ಟರರ ಬಳಿಗೆ ಹೋದಳು. ಜೊತೆಗೆ ಹೋಗಿದ್ದ ನನಗೆ ಆ ದಿನದ ಎರಡು ಮಾತುಗಳು ಮಾತ್ರ ನೆನಪಿವೆ.

"ತಾಯೀ, ಈಗ ಆಕಿ ನಡದಾಡಾಕತ್ತಾಳ. ಪ್ರಾಣಕ್ಕ ಬಂದ್ರ ನಾ ಕೈ ಹಾಕಬಹುದು. ಅದಕ್ಕಿಂತ ಮೊದಲ ಕೈ ಹಾಕಿದ್ರ ನನ್ನ ಕೈಗೆ ಬೇಡಿ ಬೀಳತಾವ" ಎಂದರು ಡಾಕ್ಟರು.

"ಹಂಗಾರ ಪ್ರಾಣಕ್ಕ ಬರೂತನಕ ಕಾಯೂದೇನ್ರೀ ಸಾಹೇಬ್ರ?" ಎಂದು ಕೇಳಿದಳು ಅಜ್ಜಿ.

ಡಾಕ್ಟರು ಉತ್ತರ ಕೊಡಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ. ಬಡವರಿಂದ ಹಣ ಮುಟ್ಟದವರೆಂದು ಹೆಸರಾಗಿದ್ದರು. ಅತ್ತೆ ಕಾಯಲಿಲ್ಲ. ಕೆಲವು ದಿನಗಳ ಮೇಲೆ ಯಾರಿಗೂ ತಿಳಿಸದೆ ಪಕ್ಕದ ಹಳ್ಳಿಯ ಹೆಂಗಸೊಬ್ಬಳಲ್ಲಿಗೆ ಹೋಗಿ ಬಂದಳು. ಮೂರನೆಯ ದಿನ ಚಳಿ ಹತ್ತಿ ಹಲ್ಲು ಕಟಕಟಿಸತೊಡಗಿದವು. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದರು. ಐದನೆಯ ದಿನ ಬೆಳಗಿನ ಜಾವ ತೀರಿಕೊಂಡಳು. ಸನ್ನಿ ಹೊಡೆಯಿತು ಎಂದು ಊರವರಿಗೆ ಹೇಳಿದರು. ನಿಜವನ್ನು ಹೇಳುವಂತಿರಲಿಲ್ಲ, ಏಕೆಂದರೆ ಅಂದಿನ ಕಾಯಿದೆಯ ಪ್ರಕಾರ ಗರ್ಭವನ್ನು ತಾನೇ ಕಳೆದುಕೊಂಡ ಹೆಣ್ಣೂ ಅಪರಾಧಿಯೇ. ಸತ್ತವಳ ಹೆಸರಿಗೆ ಆ ಕಲಂಕ ಬೇಡವೆಂದು ಅಜ್ಜಿ ಸಾಯುವವರೆಗೂ ಬಾಯಿ ಬಿಡಲಿಲ್ಲ.

ಅರ್ಧ ಶತಮಾನ ಕಳೆದ ಮೇಲೆ ಇದೇ ಜಿಲ್ಲೆಯ ಮತ್ತೊಬ್ಬ ಮಗಳು ಸಾವಿರಾರು ಮೈಲು ದೂರದಲ್ಲಿ, ಎಲ್ಲ ಸಾಧನಗಳೂ ಇದ್ದ ದವಾಖಾನೆಯಲ್ಲಿ, ಅದೇ ಬಗೆಯ ಜ್ವರದಿಂದ ಸತ್ತಳೆಂಬ ಸುದ್ದಿ ಬಂದಾಗ ನನಗೆ ಅಜ್ಜಿಯ ಪ್ರಶ್ನೆ ಮತ್ತೆ ಕೇಳಿಸಿತು. ಈ ಲೇಖನವನ್ನು ಬರೆಯಲು ಅದೇ ಕಾರಣ.

ಗಾಲ್ವೇಯ ಒಂದು ವಾರ

ಸವಿತಾ ಹಾಲಪ್ಪನವರ ಬೆಳಗಾವಿಯಲ್ಲಿ ಬೆಳೆದವಳು. ಕೆ.ಎಲ್.ಇ. ಸಂಸ್ಥೆಯ ದಂತವೈದ್ಯಕೀಯ ಕಾಲೇಜಿನಲ್ಲಿ ಕಲಿತು ಪದವಿ ಪಡೆದಳು. 2008ರಲ್ಲಿ ಇಂಜಿನಿಯರರಾದ ಪ್ರವೀಣ ಹಾಲಪ್ಪನವರನ್ನು ಮದುವೆಯಾಗಿ ಐರ್ಲಂಡಿಗೆ ಹೋದಳು. ಪಶ್ಚಿಮ ತೀರದ ಗಾಲ್ವೇ ಪಟ್ಟಣದಲ್ಲಿ ನೆಲೆ ನಿಂತು, ಅಲ್ಲಿಯ ಭಾರತೀಯರ ದೀಪಾವಳಿಯಲ್ಲಿ ಮುಂದಾಗಿ ಓಡಾಡುತ್ತ, ಮಕ್ಕಳಿಗೆ ನೃತ್ಯ ಹೇಳಿಕೊಡುತ್ತ ಎಲ್ಲರಿಗೂ ಬೇಕಾದವಳಾಗಿದ್ದಳು. 2012ರಲ್ಲಿ ಗರ್ಭಿಣಿಯಾದಳು. ತಂದೆತಾಯಿಗಳು ಬೆಳಗಾವಿಯಿಂದ ಹೋಗಿ ಕೆಲವು ವಾರ ಮಗಳ ಜೊತೆಗಿದ್ದರು.

ಅಕ್ಟೋಬರ್ 21, ಆದಿತ್ಯವಾರ. ಗರ್ಭಕ್ಕೆ 17 ವಾರ. ಬೆನ್ನುನೋವೆಂದು ಗಾಲ್ವೇಯ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋದಳು. ಮನೆಗೆ ಕಳುಹಿಸಿದರು, ನೋವು ಹೆಚ್ಚಿ ಅದೇ ದಿನ ಹಿಂದಿರುಗಿದಳು. ಗರ್ಭ ಉಳಿಯಲಾರದೆಂದು ವೈದ್ಯರು ಕಂಡುಕೊಂಡರು. ಅಂದು ನಡುರಾತ್ರಿ ಕಳೆದ ಮೇಲೆ ನೀರಿನ ಚೀಲ ಒಡೆಯಿತು.

ಇಲ್ಲಿ ವೈದ್ಯಶಾಸ್ತ್ರದ ಮಾತನ್ನು ಸ್ವಲ್ಪ ವಿವರಿಸಬೇಕು. ಗರ್ಭದಲ್ಲಿ ಶಿಶುವನ್ನು ಸುತ್ತಿಕೊಂಡಿರುವ ಚೀಲವು ಕೋಟೆಯ ಗೋಡೆಯಂತೆ ಹೊರಗಿನ ಸೋಂಕನ್ನು ತಡೆದಿರುತ್ತದೆ. ಅದು ಒಡೆದರೆ ರೋಗಾಣುಗಳಿಗೆ ದಾರಿ ತೆರೆದಂತೆಯೇ. 17 ವಾರದ ಶಿಶು ಹೊರಗೆ ಬಂದು ಬದುಕುವ ಸಂಭವವೇ ಇಲ್ಲ. ಗೋಡೆ ಒಡೆದ ಮೇಲೆ ಗರ್ಭ ಒಳಗೆ ಉಳಿದಷ್ಟೂ ಹೊತ್ತು ಸೋಂಕಿನ ಭಯ ಏರುತ್ತ ಹೋಗುತ್ತದೆ. ಸೋಂಕು ಗರ್ಭಕೋಶದಿಂದ ರಕ್ತಕ್ಕೆ ಇಳಿದರೆ ಮೊದಲು ಚಳಿ ನಡುಕ, ಜ್ವರ; ಅನಂತರ ರಕ್ತದೊತ್ತಡ ಕುಸಿದು ಮೂತ್ರಪಿಂಡ, ಶ್ವಾಸಕೋಶ, ಹೃದಯ ಒಂದೊಂದಾಗಿ ಸೋಲುತ್ತವೆ. ಔಷಧ ಕೊಡುವುದರ ಜೊತೆಗೆ ಸೋಂಕಿನ ನೆಲೆಯಾದ ಗರ್ಭಕೋಶವನ್ನು ಬರಿದು ಮಾಡುವುದೇ ಇದಕ್ಕೆ ಚಿಕಿತ್ಸೆ. ಕುಸಿತ ಮೊದಲಾದ ಮೇಲೆ ಲೆಕ್ಕ ಗಂಟೆಗಳದ್ದು, ದಿನಗಳದ್ದಲ್ಲ.

ಮಗು ಉಳಿಯುವುದಿಲ್ಲವೆಂದ ಮೇಲೆ ಗರ್ಭವನ್ನು ತೆಗೆದುಬಿಡಿರೆಂದು ಸವಿತಾ ಕೇಳಿಕೊಂಡಳು. ಶಿಶುವಿನ ಎದೆಬಡಿತ ಇರುವವರೆಗೂ, ತಾಯಿಯ ಪ್ರಾಣಕ್ಕೆ ಅಪಾಯ ಕಾಣದಿರುವವರೆಗೂ ಕಾಯಿದೆ ಅದಕ್ಕೆ ಅವಕಾಶ ಕೊಡುವುದಿಲ್ಲವೆಂಬ ಉತ್ತರ ಬಂದಿತು. ಇದು ಕ್ಯಾಥೋಲಿಕ್ ದೇಶ ಎಂಬ ಮಾತನ್ನೂ ಆಡಲಾಯಿತು. ಆ ಮಾತು ತನ್ನದೆಂದು ಶುಶ್ರೂಷಕಿಯೊಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು, ದೇಶದ ಸ್ಥಿತಿಯನ್ನು ವಿವರಿಸಲು ಹಾಗೆಂದೆನೆಂದು ಹೇಳಿದರು. ತಾನು ಐರಿಶಳೂ ಅಲ್ಲ, ಕ್ಯಾಥೋಲಿಕಳೂ ಅಲ್ಲ ಎಂದು ಸವಿತಾ ಹೇಳಿದಳೆಂದು ಆಕೆಯ ಪತಿ ತಿಳಿಸಿದರು.

ಅಕ್ಟೋಬರ್ 24, ಬುಧವಾರ. ಬೆಳಗಿನ ಜಾವ ಚಳಿ ನಡುಕ, ಹಲ್ಲು ಕಟಕಟಿಸತೊಡಗಿದವು, ಹೊದಿಕೆ ತಂದು ಹೊದಿಸಿದರು. ಅಂದು ವಿಜಯದಶಮಿ. ಇಲ್ಲಿ ನಾವು ಸಂಜೆ ಬನ್ನಿ ಕೊಟ್ಟು ಬಂಗಾರದಂತಿರೋಣವೆಂದು ಒಬ್ಬರಿಗೊಬ್ಬರು ಹಾರೈಸುತ್ತಿದ್ದ ದಿನ. ಅಲ್ಲಿ ಆ ದಿನ ಸೋಂಕು ರಕ್ತವನ್ನು ಹೊಕ್ಕು, ಆಕೆಯ ಮೈ ಕುಸಿದಿತ್ತು. ಮಧ್ಯಾಹ್ನ ಶಿಶುವಿನ ಎದೆಬಡಿತ ನಿಂತಿತು. ಗರ್ಭ ತಾನಾಗಿಯೇ ಇಳಿಯಿತು. ತೀವ್ರ ನಿಗಾ ಘಟಕದಲ್ಲಿ ನಾಲ್ಕು ದಿನ ಹೋರಾಡಿ, 28ರ ಆದಿತ್ಯವಾರ ನಸುಕಿನಲ್ಲಿ ಸವಿತಾ ತೀರಿಕೊಂಡಳು. ವಯಸ್ಸು 31.

ನವೆಂಬರ್ 14ರಂದು ಐರಿಶ್ ಟೈಮ್ಸ್ ಪತ್ರಿಕೆ ಈ ಸುದ್ದಿಯನ್ನು ಪ್ರಕಟಿಸಿತು. ಮರುದಿನಗಳಲ್ಲಿ ಬೆಳಗಾವಿಯ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಮೂರು ವಿಚಾರಣೆಗಳು ನಡೆದವು. 2013ರ ಏಪ್ರಿಲಿನಲ್ಲಿ ಮರಣವಿಚಾರಣೆಯ ಪಂಚರು ಇದು ವೈದ್ಯಕೀಯ ಪ್ರಮಾದದಿಂದಾದ ಸಾವೆಂದು ತೀರ್ಮಾನಿಸಿದರು. ಪ್ರಸೂತಿತಜ್ಞ ಪ್ರಾಧ್ಯಾಪಕ ಸಬರತ್ನಂ ಅರುಳ್‌ಕುಮಾರನ್ ಅವರ ನೇತೃತ್ವದ ಸಮಿತಿಯು, ತಾಯಿಯ ಸ್ಥಿತಿಯನ್ನು ಗಮನಿಸುವುದಕ್ಕಿಂತ ಶಿಶುವಿನ ಎದೆಬಡಿತಕ್ಕೇ ಹೆಚ್ಚು ಲಕ್ಷ್ಯ ಕೊಡಲಾಯಿತೆಂದು ಹೇಳಿತು. ಅಲ್ಲಿಯ ಆರೋಗ್ಯ ಗುಣಮಟ್ಟದ ಪ್ರಾಧಿಕಾರವು ಆಕೆಯನ್ನು ಉಳಿಸಬಹುದಾಗಿದ್ದ 13 ಸಂದರ್ಭಗಳು ಕೈತಪ್ಪಿದುವೆಂದು ಲೆಕ್ಕ ಹಾಕಿತು. ಮೊದಲ ದಿನ ತೆಗೆದ ರಕ್ತದ ಪರೀಕ್ಷೆಯ ಫಲವನ್ನೇ ಸಕಾಲದಲ್ಲಿ ಯಾರೂ ಹಿಂಬಾಲಿಸಿರಲಿಲ್ಲ. ಆದ್ದರಿಂದ ಕಾಯಿದೆಯೊಂದೇ ಕೊಂದಿತೆಂದು ಹೇಳಿದರೆ ಅರ್ಧ ಸತ್ಯವಾದೀತು, ಅಲಕ್ಷ್ಯವೂ ಸೇರಿದೆ.

ಆದರೆ ಆ ವಿಚಾರಣೆಯಲ್ಲಿ ಡಬ್ಲಿನ್ನಿನ ಹೆಸರಾಂತ ಪ್ರಸೂತಿತಜ್ಞ ಡಾ. ಪೀಟರ್ ಬೊಯ್ಲನ್ ಅವರು ಕೊಟ್ಟ ಸಾಕ್ಷ್ಯವನ್ನು ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಸೋಮವಾರ ಅಥವಾ ಮಂಗಳವಾರ ಗರ್ಭವನ್ನು ತೆಗೆದಿದ್ದರೆ ಆಕೆ ಬಹುಮಟ್ಟಿಗೆ ಬದುಕುತ್ತಿದ್ದಳು. ಆದರೆ ಆ ಎರಡು ದಿನ ಪ್ರಾಣಕ್ಕೆ ಅಪಾಯ ಕಾಣದಿದ್ದುದರಿಂದ ಕಾಯಿದೆಯ ಒಪ್ಪಿಗೆಯಿರಲಿಲ್ಲ. ಕಾಯಿದೆ ಒಪ್ಪುವ ಹೊತ್ತಿಗೆ ಕಾಲ ಮೀರಿ ಹೋಗಿತ್ತು. ಇದು ಅವರ ಮಾತಿನ ಸಾರ. ಪ್ರಾಣಕ್ಕೆ ಬರುವತನಕ ಕಾಯುವುದೇನೆಂದು ಅಕ್ಷರವರಿಯದ ನನ್ನ ಅಜ್ಜಿ ಕೇಳಿದ್ದಕ್ಕೆ ಇದಕ್ಕಿಂತ ನಿಚ್ಚಳವಾದ ಉತ್ತರ ಎಲ್ಲಿಂದ ಬರಬೇಕು?

ಒಂದೇ ಬೇರಿನ ಎರಡು ಕಾಯಿದೆಗಳು

ಭಾರತದ ದಂಡಸಂಹಿತೆ 1860ರದು. ಐರ್ಲಂಡಿನಲ್ಲಿ ಗರ್ಭಪಾತವನ್ನು ಶಿಕ್ಷಾರ್ಹವೆಂದು ಸಾರಿದ ಕಾಯಿದೆ 1861ರದು. ಎರಡನ್ನೂ ಮಾಡಿದವರು ಅದೇ ಬ್ರಿಟಿಷ್ ಸರಕಾರದವರು. ನಮ್ಮ ಸಂಹಿತೆಯ 312ನೆಯ ಕಲಮು ಗರ್ಭ ಕಳೆದವರಿಗೆ ಮೂರು ವರ್ಷ, ಗರ್ಭದಲ್ಲಿ ಚಲನೆ ಕಂಡ ಮೇಲಾದರೆ ಏಳು ವರ್ಷಗಳವರೆಗೆ ಶಿಕ್ಷೆ ವಿಧಿಸಿದ್ದಿತು. ಆದರೆ ತಾಯಿಯ ಪ್ರಾಣವನ್ನು ಉಳಿಸುವ ಸದ್ಬುದ್ಧಿಯಿಂದ ಮಾಡಿದ್ದಾದರೆ ಅಪರಾಧವಲ್ಲವೆಂದು ಅದೇ ಕಲಮು ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿಟ್ಟಿತ್ತು. 1861ರ ಕಾಯಿದೆಯಲ್ಲಿ ಆ ಬೆರಳಿನಷ್ಟು ಸಂದೂ ಸ್ಪಷ್ಟವಾಗಿ ಇರಲಿಲ್ಲ. ಶಿಕ್ಷೆಯೋ ಆಜೀವ ಕಠಿಣ ಸಜೆ.

ಈ ಬೆರಳಿನಷ್ಟು ಸಂದಿನಲ್ಲಿಯೇ ನಮ್ಮ ಪೇಟೆಯ ಡಾಕ್ಟರರು ನಿಂತಿದ್ದರು. ಪ್ರಾಣಕ್ಕೆ ಅಪಾಯವೆಂದು ಯಾವಾಗ ಹೇಳಬೇಕು? ಕೆಟ್ಟ ಕವಾಟದ ಹೃದಯವುಳ್ಳ ಹೆಂಗಸು ಎಂಟನೆಯ ತಿಂಗಳಲ್ಲಿ ಉಸಿರು ಕಟ್ಟಿ ಸಾಯಬಹುದೆಂಬುದು ಮೂರನೆಯ ತಿಂಗಳಲ್ಲಿಯೇ ವೈದ್ಯನಿಗೆ ಗೊತ್ತು. ಆದರೆ ಮೂರನೆಯ ತಿಂಗಳಲ್ಲಿ ಆಕೆ ನಡೆದಾಡುತ್ತಿರುತ್ತಾಳೆ. ಕಾಯಿದೆ ಪ್ರಾಣ ಎಂಬ ಒಂದೇ ಮಾತನ್ನು ಬರೆದು ಆರೋಗ್ಯ ಎಂಬ ಮಾತನ್ನು ಬಿಟ್ಟಾಗ, ತಿಳಿದ ವೈದ್ಯನೂ ತಿಳಿಯದವನಂತೆ ಕಾಯಬೇಕಾಗುತ್ತದೆ.

ಕಾಯಿದೆಯ ಭಯದ ಜೊತೆಗೆ ಸಮಾಜದ ಭಯವೂ ಇದ್ದಿತು. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯನ್ನು ಓದಿದವರಿಗೆ, ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದನ್ನು ಚಿತ್ರ ಮಾಡಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗರ್ಭವನ್ನು ಕಳ್ಳತನದಲ್ಲಿ ಕಳೆದುಕೊಂಡ ಎಳೆಯ ವಿಧವೆಗೆ, ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಗಟ್ಟುವ ಆ ಊರು ಯಾವ ದಂಡಸಂಹಿತೆಯನ್ನೂ ಕೇಳಲಿಲ್ಲ.

ಬ್ರಿಟನ್ನು ತನ್ನ ಕಾಯಿದೆಯನ್ನು 1967ರಲ್ಲಿ ಸಡಿಲಿಸಿತು. ಸ್ವತಂತ್ರವಾದ ಐರ್ಲಂಡು ಮಾತ್ರ ಎದುರು ದಿಕ್ಕಿಗೆ ನಡೆಯಿತು. 1983ರಲ್ಲಿ ಜನಮತದ ಮೂಲಕ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿಯನ್ನು ಸೇರಿಸಿ, ತಾಯಿಯ ಬಾಳೂ ಹುಟ್ಟದ ಶಿಶುವಿನ ಬಾಳೂ ಸಮಾನವೆಂದು ಬರೆದುಕೊಂಡಿತು. 1992ರಲ್ಲಿ ಅತ್ಯಾಚಾರಕ್ಕೆ ಒಳಗಾದ 14 ವರ್ಷದ ಬಾಲಕಿಯೊಬ್ಬಳು ಆತ್ಮಹತ್ಯೆಯ ಅಂಚಿಗೆ ಬಂದಾಗ, ತಾಯಿಯ ಪ್ರಾಣಕ್ಕೆ ನಿಜವಾದ, ಗಣನೀಯವಾದ ಅಪಾಯವಿದ್ದರೆ ಗರ್ಭವನ್ನು ತೆಗೆಯಬಹುದೆಂದು ಅಲ್ಲಿಯ ಸುಪ್ರೀಮ್ ಕೋರ್ಟು ತೀರ್ಪು ಕೊಟ್ಟಿತು. ಆದರೆ ಪ್ರಾಣ ಬೇರೆ, ಆರೋಗ್ಯ ಬೇರೆ ಎಂದು ಗೆರೆಯನ್ನೂ ಎಳೆಯಿತು. ಆ ಗೆರೆ ಎಲ್ಲಿದೆಯೆಂದು ತಿಳಿಸುವ ಶಾಸನವನ್ನು ಇಪ್ಪತ್ತು ವರ್ಷವಾದರೂ ಪಾರ್ಲಿಮೆಂಟು ಮಾಡಲಿಲ್ಲ. ಸವಿತಾ ಸತ್ತದ್ದು ಆ ಗೆರೆಯ ಮೇಲೆ.

ಆಕೆಯ ಸಾವಿನ ತರುವಾಯ 2013ರಲ್ಲಿ ಮೊದಲ ಶಾಸನ ಬಂದಿತು. ಅದೂ ಪ್ರಾಣದ ಅಪಾಯವನ್ನು ಮಾತ್ರ ಒಪ್ಪಿತು. ಜನರ ಒತ್ತಾಯ ನಿಲ್ಲಲಿಲ್ಲ. 2018ರ ಮೇ 25ರಂದು ಮತ್ತೆ ಜನಮತ ನಡೆದು, ನೂರಕ್ಕೆ 66ಕ್ಕಿಂತ ಹೆಚ್ಚು ಮಂದಿ ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದ ಸವಿತಾಳ ಮುಖಚಿತ್ರಕ್ಕೆ ಜನ ಹೂವಿಟ್ಟು, ಕ್ಷಮೆ ಕೇಳುವ ಚೀಟಿಗಳನ್ನು ಅಂಟಿಸಿ ಹೋದರು. ಬೆಳಗಾವಿಯಲ್ಲಿದ್ದ ಆಕೆಯ ತಂದೆ ಐರ್ಲಂಡಿನ ಜನರಿಗೆ ವಂದನೆ ಹೇಳಿ, ಹೊಸ ಕಾಯಿದೆಗೆ ಮಗಳ ಹೆಸರನ್ನು ಇಡಬೇಕೆಂದು ಕೇಳಿಕೊಂಡರು. ಹೆಸರು ಇಡಲಿಲ್ಲ. ಆದರೆ 2019ರ ಜನವರಿ 1ರಿಂದ ಜಾರಿಗೆ ಬಂದ ಆ ಕಾಯಿದೆಯಲ್ಲಿ ಪ್ರಾಣ ಎಂಬ ಮಾತಿನ ಪಕ್ಕದಲ್ಲಿ ಆರೋಗ್ಯಕ್ಕೆ ಒದಗುವ ಗಂಭೀರ ಹಾನಿ ಎಂಬ ಮಾತೂ ಸೇರಿದೆ. 12 ವಾರಗಳ ಒಳಗಾದರೆ ಕಾರಣವನ್ನೇ ಕೇಳುವಂತಿಲ್ಲ.

ನಮ್ಮ ಶಾಸನ ಒಪ್ಪುವ ಕಾರಣಗಳು

"ಆ ಹುಡಿಗಿ ಇಲ್ಲೇ ಇದ್ದಿದ್ರ ಉಳೀತಿದ್ಲು" ಎಂದು ಆ ದಿನಗಳಲ್ಲಿ ನಮ್ಮೂರಿನ ಕಟ್ಟೆಯ ಮೇಲೆ ಎಷ್ಟೋ ಜನ ಹೇಳಿದರು. ಕಾಯಿದೆಯ ಮಟ್ಟಿಗೆ ಆ ಮಾತು ನಿಜ. ಅದು ನಿಜವಾದದ್ದು ಹೇಗೆಂದು ತಿಳಿದವರು ಕಡಿಮೆ.

1964ರಲ್ಲಿ ಕೇಂದ್ರ ಸರಕಾರವು ಶಾಂತಿಲಾಲ ಶಾಹ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. 1966ರ ಕೊನೆಗೆ ಬಂದ ಅದರ ವರದಿ, 50 ಕೋಟಿ ಜನಸಂಖ್ಯೆಯ ದೇಶದಲ್ಲಿ ವರ್ಷಕ್ಕೆ 39 ಲಕ್ಷ ಗರ್ಭಗಳನ್ನು ಬೇಕೆಂದೇ ಕಳೆಯಲಾಗುತ್ತಿದೆಯೆಂದು ಅಂದಾಜು ಮಾಡಿತು. ಕಾಯಿದೆ ನಿಷೇಧಿಸಿದ್ದರೂ ಇಷ್ಟು ನಡೆಯುತ್ತಿದೆಯೆಂದರೆ, ನಡೆಯುವ ಜಾಗ ಯಾವುದು? ನನ್ನ ಅತ್ತೆ ಹೋಗಿ ಬಂದಂಥ ಕತ್ತಲೆಯ ಕೋಣೆಗಳೇ. ಸಮಿತಿಯ ಸಲಹೆಯಂತೆ 1971ರಲ್ಲಿ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆ ಅಂಗೀಕಾರವಾಗಿ, 1972ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

ಈ ಕಾಯಿದೆಯ ತಿರುಳು ಒಂದು ವಾಕ್ಯದಲ್ಲಿದೆ. ಬಸಿರು ಮುಂದುವರಿದರೆ ಹೆಣ್ಣಿನ ಪ್ರಾಣಕ್ಕೆ ಅಪಾಯ, ಅಥವಾ ಆಕೆಯ ದೇಹದ ಇಲ್ಲವೆ ಮನಸ್ಸಿನ ಆರೋಗ್ಯಕ್ಕೆ ತೀವ್ರ ಹಾನಿ. ಇಲ್ಲವೆ ಹುಟ್ಟುವ ಮಗುವಿಗೆ ಗಂಭೀರವಾದ ವೈಕಲ್ಯ ಒದಗುವ ಹೆಚ್ಚಿನ ಸಂಭವ. ಈ ಕಾರಣಗಳಲ್ಲಿ ಒಂದಿದ್ದರೆ ಅರ್ಹ ವೈದ್ಯನು ಗರ್ಭವನ್ನು ತೆಗೆಯಬಹುದು. ಅತ್ಯಾಚಾರದಿಂದ ನಿಂತ ಬಸಿರು ಮನಸ್ಸಿಗೆ ತೀವ್ರ ಹಾನಿಯೆಂದೇ ಭಾವಿಸತಕ್ಕದ್ದು. ಗರ್ಭನಿರೋಧ ಸಾಧನ ಕೈಕೊಟ್ಟು ನಿಂತ ಬಸಿರನ್ನೂ ಹಾಗೆಯೇ ಎಣಿಸಬಹುದು. ಹಾನಿಯನ್ನು ತೂಗಿ ನೋಡುವಾಗ ಆಕೆ ಬಾಳುತ್ತಿರುವ ಸನ್ನಿವೇಶವನ್ನೂ, ಮುಂದೆ ಒದಗಬಹುದಾದ ಸನ್ನಿವೇಶವನ್ನೂ ಗಣನೆಗೆ ತರಬಹುದು. ಮನಸ್ಸಿನ ಆರೋಗ್ಯವೆಂದರೆ ಏನೆಂದು ಕೇಳುವವರು ತ್ರಿವೇಣಿಯವರ 'ಶರಪಂಜರ'ವನ್ನು ಓದಬೇಕು. ಹೆರಿಗೆ ಹೆಣ್ಣಿನ ಮನಸ್ಸನ್ನು ಹೇಗೆ ಮುರಿಯಬಲ್ಲದು, ಮುರಿದ ಮನಸ್ಸಿಗೆ ಮನೆಯವರು ಏನು ಮಾಡುತ್ತಾರೆ ಎಂಬುದನ್ನು ಅವರು ಈ ಕಾಯಿದೆಗಿಂತ ಮೊದಲೇ ಕಂಡಿದ್ದರು. ಆ ತ್ರಿವೇಣಿಯವರೇ 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು.

1971ರ ಕಾಯಿದೆಯಲ್ಲಿ 12 ವಾರಗಳವರೆಗೆ ಒಬ್ಬ ವೈದ್ಯರ, 20 ವಾರಗಳವರೆಗೆ ಇಬ್ಬರ ಅಭಿಪ್ರಾಯ ಬೇಕಾಗಿದ್ದಿತು. ಶಿಶುವಿನ ಕೆಲವು ದೋಷಗಳು 20 ವಾರ ಕಳೆದ ಮೇಲೆಯೇ ಪರೀಕ್ಷೆಯಲ್ಲಿ ಕಾಣುವುದರಿಂದ ಅನೇಕ ದಂಪತಿಗಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2021ರ ತಿದ್ದುಪಡಿ ಇದನ್ನು ಬದಲಿಸಿತು. ಈಗ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳ ನಡುವೆ, ಅತ್ಯಾಚಾರಕ್ಕೆ ಈಡಾದವರು, ಅಪ್ರಾಪ್ತ ವಯಸ್ಸಿನವರು, ಬಸಿರಾಗಿರುವಾಗ ವಿಧವೆಯಾದವರು ಅಥವಾ ವಿಚ್ಛೇದನ ಹೊಂದಿದವರು, ಅಂಗವೈಕಲ್ಯವುಳ್ಳವರು ಮುಂತಾದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶವುಂಟು. ಶಿಶುವಿನಲ್ಲಿ ಗಂಭೀರ ವೈಕಲ್ಯವನ್ನು ವೈದ್ಯಮಂಡಲಿ ಕಂಡುಕೊಂಡರೆ ವಾರಗಳ ಮಿತಿಯಿಲ್ಲ. ತಾಯಿಯ ಪ್ರಾಣವನ್ನು ಉಳಿಸಲು ತತ್‌ಕ್ಷಣ ಅಗತ್ಯವಾದರೆ ಒಬ್ಬ ವೈದ್ಯರೇ, ಎಷ್ಟು ವಾರಗಳಾಗಿದ್ದರೂ, ಕೈ ಹಾಕಬಹುದು. ಇದು 1971ರಿಂದಲೂ ಇರುವ ಮಾತು. ವಯಸ್ಸಿಗೆ ಬಂದ ಹೆಣ್ಣಿನ ಒಪ್ಪಿಗೆಯ ಹೊರತು ಬೇರೆ ಯಾರ ಒಪ್ಪಿಗೆಯೂ ಬೇಕಿಲ್ಲ. ಗಂಡನ ಸಹಿಯನ್ನು ಕಾಯಿದೆ ಎಲ್ಲಿಯೂ ಕೇಳಿಲ್ಲ. ಆದರೂ ಆ ಸಹಿಯಿಲ್ಲದೆ ಕಾಗದವನ್ನು ಮುಂದಕ್ಕೆ ಸರಿಸದ ಮೇಜುಗಳು ಎಷ್ಟಿವೆಯೆಂಬುದನ್ನು ಅಲ್ಲಿಗೆ ಹೋಗಿ ಬಂದ ಹೆಣ್ಣುಮಕ್ಕಳನ್ನು ಕೇಳಬೇಕು.

2022ರ ಸೆಪ್ಟೆಂಬರ್ 29ರಂದು ಸುಪ್ರೀಮ್ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠವು, ನಮ್ಮ ಕೊಡಗಿನ ನ್ಯಾಯಮೂರ್ತಿ ಎ. ಎಸ್. ಬೋಪಣ್ಣನವರೂ ಅದರಲ್ಲಿದ್ದರು, ಮದುವೆಯಾದವಳು ಮದುವೆಯಾಗದವಳು ಎಂಬ ಭೇದವನ್ನು ಈ ಕಾಯಿದೆಯಲ್ಲಿ ಮಾಡಲಾಗದೆಂದು ತೀರ್ಪಿತ್ತಿತು. ಅಪ್ರಾಪ್ತ ಬಾಲಕಿಯೊಬ್ಬಳು ಬಂದರೆ, ಆಕೆಯೂ ಪೋಷಕರೂ ಬೇಡವೆಂದರೆ, ಪೊಲೀಸರಿಗೆ ಕೊಡುವ ವರದಿಯಲ್ಲಿ ವೈದ್ಯರು ಆಕೆಯ ಹೆಸರನ್ನು ಹೇಳಬೇಕಿಲ್ಲವೆಂದೂ ತಿಳಿಸಿತು. ಬಾಲ್ಯವಿವಾಹಗಳು ಇನ್ನೂ ನಿಲ್ಲದ ನಮ್ಮ ಕಡೆಯಲ್ಲಿ ಈ ಕೊನೆಯ ಮಾತಿನ ಬೆಲೆ ದೊಡ್ಡದು.

ಹೀಗೆಂದು ಬೇಕಾದಾಗ ಗರ್ಭವನ್ನು ತೆಗೆಸಿಕೊಳ್ಳುವುದು ಹಕ್ಕಾಗಿದೆಯೆಂದು ತಿಳಿಯಬಾರದು. ಗರ್ಭಪಾತ ಇಂದಿಗೂ ಅಪರಾಧವೇ. 2024ರ ಜುಲೈ 1ರಿಂದ ದಂಡಸಂಹಿತೆಯ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮು ಹಳೆಯ 312ನೆಯದನ್ನೇ ಹೇಳುತ್ತದೆ. 1971ರ ಕಾಯಿದೆ ಅದಕ್ಕೆ ಇಟ್ಟ ವಿನಾಯಿತಿ ಮಾತ್ರ. 2023ರ ಅಕ್ಟೋಬರಿನಲ್ಲಿ 26 ವಾರ ಕಳೆದ ವಿವಾಹಿತೆಯೊಬ್ಬಳ ಬೇಡಿಕೆಯನ್ನು, ತಾಯಿಗೆ ತತ್‌ಕ್ಷಣದ ಅಪಾಯವಿಲ್ಲ, ಶಿಶುವಿಗೆ ದೋಷವಿಲ್ಲ ಎಂಬ ಕಾರಣಗಳಿಂದ ಸುಪ್ರೀಮ್ ಕೋರ್ಟು ಒಪ್ಪಲಿಲ್ಲ. ಆ ಹಂತದಲ್ಲಿ ಶಿಶು ಹೊರಗೆ ಬಂದು ಬದುಕಬಲ್ಲದು. ಬಸಿರು ಬೆಳೆದಂತೆ ಶಿಶುವಿನ ಹಕ್ಕಿನ ತೂಕವೂ ಬೆಳೆಯುತ್ತದೆಂಬ ಭಾವನೆ ಇದರ ಹಿಂದಿದೆ. ಗರ್ಭದ ಜೀವವನ್ನು ಪವಿತ್ರವೆಂದು ನಂಬುವವರನ್ನು ನಾನು ಹಗುರಾಗಿ ಕಾಣಲಾರೆ. ನನ್ನ ಅಜ್ಜಿಯೂ ಹಾಗೆಯೇ ನಂಬಿದ್ದಳು. ಹಾಗೆ ನಂಬಿಯೂ ಆಕೆ ಮಗಳನ್ನು ಕರೆದುಕೊಂಡು ಡಾಕ್ಟರರಲ್ಲಿಗೆ ಹೋದಳು.

ಹಳ್ಳದಲ್ಲಿ ಸಿಕ್ಕ ಡಬ್ಬಿಗಳು

ಇಷ್ಟು ಹೇಳಿ ನಿಲ್ಲಿಸಿದರೆ ನಾಣ್ಯದ ಒಂದು ಮುಖವನ್ನು ಮುಚ್ಚಿಟ್ಟಂತಾದೀತು. 2022ರ ಜೂನ್ ತಿಂಗಳಲ್ಲಿ ನಮ್ಮ ಪಕ್ಕದ ಮೂಡಲಗಿಯ ಹಳ್ಳದಲ್ಲಿ, ಡಬ್ಬಿಗಳಲ್ಲಿ ತುಂಬಿ ಎಸೆದಿದ್ದ ಏಳು ಭ್ರೂಣಗಳು ದೊರೆತವು. ಆರೋಗ್ಯ ಇಲಾಖೆಯವರೂ ಪೊಲೀಸರೂ ತನಿಖೆಗೆ ಇಳಿದರು. ಅದಕ್ಕೂ ಮೊದಲು, 2017ರ ಮಾರ್ಚಿನಲ್ಲಿ, ನಮ್ಮ ಜಿಲ್ಲೆಯ ಗಡಿಯಾಚೆಗಿನ ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ, ಹಳ್ಳದ ಬಳಿ ಹೂತಿದ್ದ 19 ಭ್ರೂಣಗಳನ್ನು ಪೊಲೀಸರು ತೆಗೆಸಿದರು. ಹೆಣ್ಣೆಂದು ತಿಳಿದು ಗರ್ಭವನ್ನು ತೆಗೆಯುವ ಜಾಲವೆಂದು ಅವರು ಹೇಳಿದರು. ಅದು ಹೊರಬಿದ್ದುದಾದರೂ ಅಲ್ಲಿಗೆ ಹೋದ ತರುಣಿಯೊಬ್ಬಳು ಸತ್ತ ಮೇಲೆ.

ಈ ಪಾಪವನ್ನು 1971ರ ಕಾಯಿದೆಯ ತಲೆಗೆ ಕಟ್ಟುವವರಿದ್ದಾರೆ. ಆ ಕಾಯಿದೆ ಒಪ್ಪಿದ ಕಾರಣಗಳಲ್ಲಿ ಹೆಣ್ಣು ಎಂಬ ಕಾರಣ ಎಲ್ಲಿಯೂ ಇಲ್ಲ. ಶಿಶುವಿನ ಲಿಂಗವನ್ನು ಪತ್ತೆ ಮಾಡುವುದೂ ತಿಳಿಸುವುದೂ ಅಪರಾಧವೆಂದು 1994ರ ಬೇರೊಂದು ಕಾಯಿದೆ ಸಾರುತ್ತದೆ. ಒಂದು ಕಾಯಿದೆ ತಾಯಿಯನ್ನು ಉಳಿಸಲು ಬಂದದ್ದು, ಇನ್ನೊಂದು ಹೆಣ್ಣುಮಗುವನ್ನು ಉಳಿಸಲು. ದವಾಖಾನೆಯ ಗೋಡೆಯ ಮೇಲೆ ಭ್ರೂಣಹತ್ಯೆ ಮಹಾಪಾಪ ಎಂದು ಮಾತ್ರ ಬರೆದು ಮೊದಲನೆಯದನ್ನು ಬರೆಯದೆ ಬಿಟ್ಟುದರಿಂದ, ಯಾವ ಕಾರಣಕ್ಕೂ ಗರ್ಭ ತೆಗೆಸುವುದು ಅಪರಾಧವೆಂದು ನಮ್ಮ ಹಳ್ಳಿಯ ಹೆಂಗಸರು ನಂಬಿಕೊಂಡಿದ್ದಾರೆ. ಹಾಗೆ ನಂಬಿದವಳು ಸರಕಾರಿ ದವಾಖಾನೆಯ ಬಾಗಿಲನ್ನು ದಾಟಿ, ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಗುಳಿಗೆ ಕೊಂಡು ನುಂಗುತ್ತಾಳೆ. 2015ನೆಯ ವರ್ಷದಲ್ಲಿ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳು ನಡೆದವೆಂದೂ, ಅವುಗಳಲ್ಲಿ ಮುಕ್ಕಾಲು ಪಾಲಿನಷ್ಟು ದವಾಖಾನೆಯ ಹೊರಗೆ ಗುಳಿಗೆಯಿಂದಲೇ ಆದವೆಂದೂ ಲ್ಯಾನ್ಸೆಟ್ ಬಳಗದ ವೈದ್ಯಪತ್ರಿಕೆಯೊಂದರಲ್ಲಿ ಬಂದ ಅಂದಾಜು ಹೇಳುತ್ತದೆ. ಗುಳಿಗೆ ಹಳೆಯ ಕಡ್ಡಿ ಬೇರುಗಳಷ್ಟು ಕ್ರೂರವಲ್ಲ. ಅನೇಕರಿಗೆ ಕೆಡುಕಾಗದೆಯೂ ಹೋಗುತ್ತದೆ. ಆದರೆ ರಕ್ತ ನಿಲ್ಲದೆ ಹೋದರೆ, ಜ್ವರ ಹತ್ತಿದರೆ, ಹಣೆ ಮುಟ್ಟಿ ನೋಡುವವರು ಯಾರು? ನಿಜ ಹೇಳಲು ಆಕೆಗೆ ಇಂದಿಗೂ ಧೈರ್ಯವಿಲ್ಲ.

ಅಜ್ಜಿಯ ಪ್ರಶ್ನೆ

ಓದುವ ತರುಣ ತರುಣಿಯರೂ ಅವರಿಗೆ ಪಾಠ ಹೇಳುವವರೂ ಈ ಪುಟವನ್ನು ನೋಡುತ್ತಾರೆಂದು ಬಲ್ಲೆ. ಇಸವಿಗಳೂ ಕಲಮುಗಳೂ ಅವರಿಗೆ ಮರೆತರೆ ಚಿಂತೆಯಿಲ್ಲ. ಪ್ರಾಣ ಮತ್ತು ಆರೋಗ್ಯ ಎಂಬ ಎರಡು ಮಾತುಗಳ ನಡುವಿನ ಅಂತರವನ್ನು ಮಾತ್ರ ಮರೆಯಬಾರದು. ಆ ಅಂತರದಲ್ಲಿ ವೈದ್ಯನ ಕೈ ತಡೆಯುತ್ತದೆ. ಅಲ್ಲಿಯೇ ಹೆಣ್ಣು ಕಾಯುತ್ತಾಳೆ. ನಮ್ಮ ದೇಶ ಆ ಅಂತರವನ್ನು 1971ರಲ್ಲಿ, ಗಾಲ್ವೇಯ ದುರ್ಘಟನೆಗೆ ನಾಲ್ವತ್ತೊಂದು ವರ್ಷ ಮೊದಲು, ಕಾಗದದ ಮೇಲಾದರೂ ತುಂಬಿತು. ಅದು ಸಣ್ಣ ಕೆಲಸವಲ್ಲ. ಅಂಕಲಗಿಯಂಥ ಊರಿನ ಹೆಣ್ಣಿಗೆ ಆ ಕಾಗದವನ್ನು ಓದಿ ಹೇಳುವ ಕೆಲಸ ಇನ್ನೂ ಉಳಿದಿದೆ.

ಸವಿತಾ ಸತ್ತದ್ದು ಹೇಗೆಂಬುದು ಗಂಟೆ ಗಂಟೆಯ ಲೆಕ್ಕದಲ್ಲಿ ಮೂರು ವರದಿಗಳಲ್ಲಿ ಬರೆದಿದೆ. ಅದನ್ನು ಓದಿದ ಒಂದು ದೇಶ ತನ್ನ ಸಂವಿಧಾನವನ್ನೇ ತಿದ್ದಿಕೊಂಡಿತು. ನನ್ನ ಅತ್ತೆ ಸತ್ತದ್ದು ಹೇಗೆಂದು ಎಲ್ಲಿಯೂ ಬರೆದಿಲ್ಲ. ಆಕೆಯ ಐವರು ಮಕ್ಕಳಲ್ಲಿ ಇಬ್ಬರು ಈಗ ಉಳಿದಿದ್ದಾರೆ. ತಾಯಿ ಸನ್ನಿಯಿಂದ ಹೋದಳೆಂದೇ ಅವರು ತಿಳಿದಿದ್ದರು. ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ಮೊದಲು ಹಿರಿಯ ಮಗಳಿಗೆ ಓದಿ ಹೇಳಿದೆ. ಅವಳಿಗೂ ಈಗ ಎಪ್ಪತ್ತು ದಾಟಿದೆ. ಬಹಳ ಹೊತ್ತು ಸುಮ್ಮನಿದ್ದು ಆಮೇಲೆ, "ಅವ್ವ ನಮ್ಮನ್ನ ಬಿಟ್ಟು ಹ್ವಾದ್ಲು ಅಂತ ಸಿಟ್ಟಿತ್ತು ನೋಡು. ಆಕಿ ನಮ್ಮ ಸಲುವಾಗೇ ಉಳೀಬೇಕಂತ ಹೋಗಿದ್ಲು. ಬರಿ, ಎಲ್ಲಾರೂ ಓದಲಿ" ಎಂದಳು.